ಓದಿದೊಡನೆ ಅಳಿಸಿಹೋಗುವ ದೂರು

ನಮ್ಮಲ್ಲಿ ಪ್ರಯೋಗಾಲಯಗಳಲ್ಲಿ ದುಡಿಯುವವರೂ ಇದ್ದೀರಿ. ಸಂಜೆ ಅಳತೆಯ ಕೆಲಸವನ್ನು ಕಂಪ್ಯೂಟರಿಗೆ ಒಪ್ಪಿಸಿ ಮನೆಗೆ ಹೋಗುತ್ತೀರಿ. ಬೆಳಿಗ್ಗೆ ಬಂದರೆ ಸಾವಿರಾರು ಅಂಕಿಗಳು ಸಾಲಾಗಿ ಕಾದಿರುತ್ತವೆ. ಅವನ್ನು ನಂಬುವುದು ಹೇಗೆ? ನಡುರಾತ್ರಿ ಮೀಟರಿಗೆ ಒಂದು ಆಜ್ಞೆ ಅರ್ಥವಾಗದೆ ಹೋಗಿದ್ದರೆ ಅದು ಕೂಗಿ ಹೇಳುವುದಿಲ್ಲ. ತನ್ನೊಳಗಿನ ಸ್ಟೇಟಸ್ ರಿಜಿಸ್ಟರಿನಲ್ಲಿ ಒಂದು ಗುರುತು ಹಾಕಿ ಸುಮ್ಮನಾಗುತ್ತದೆ. ಆ ಗುರುತಿಗೂ ಒಂದು ಚರಿತ್ರೆಯಿದೆ.

ಅಮೆರಿಕದ ಹ್ಯೂಲೆಟ್ ಪ್ಯಾಕರ್ಡ್ ಕಂಪನಿ ತನ್ನ ಉಪಕರಣಗಳನ್ನು ಒಂದೇ ಬಗೆಯ ಕೇಬಲಿನಿಂದ ಜೋಡಿಸಲು ಎಚ್‌ಪಿ-ಐಬಿ ಎಂಬ ವ್ಯವಸ್ಥೆಯನ್ನು ರೂಪಿಸಿತು. 1975ರಲ್ಲಿ ಅದೇ ಐಇಇಇ 488 ಎಂಬ ಮಾನಕವಾಯಿತು. ಕಂಪ್ಯೂಟರೂ ಸೇರಿ 15 ಸಾಧನಗಳು, ಒಟ್ಟು 20 ಮೀಟರ್ ಕೇಬಲು ಅದರ ಮಿತಿ. ತಂತಿಗಳಲ್ಲಿ ಒಂದರ ಹೆಸರು ಸರ್ವೀಸ್ ರಿಕ್ವೆಸ್ಟ್. ವಠಾರದ ಮನೆಗಳಿಗೆಲ್ಲ ಒಂದೇ ಕರೆಗಂಟೆ ಇದ್ದ ಹಾಗೆ! ಯಾರೋ ಕರೆದರೆಂದು ಗೊತ್ತಾಗುತ್ತದೆ, ಯಾರೆಂದು ತಿಳಿಯದು. ಆಗ ಕಂಪ್ಯೂಟರು ಒಬ್ಬೊಬ್ಬರನ್ನೇ ವಿಚಾರಿಸಬೇಕು. ಇದು ಸೀರಿಯಲ್ ಪೋಲ್. ಪ್ರತಿ ಉಪಕರಣವೂ 8 ಬಿಟ್‌ಗಳ ಉತ್ತರ ಕೊಡುತ್ತದೆ.

ತೊಡಕು ಅಲ್ಲಿಯೇ ಇತ್ತು. ‘ಕರೆದವನು ನಾನೇ’ ಎನ್ನುವ ಒಂದು ಬಿಟ್ ಬಿಟ್ಟರೆ ಉಳಿದವುಗಳ ಅರ್ಥ ತಯಾರಕರ ಇಷ್ಟ. ಮೀಟರು ಬದಲಾದರೆ ಪ್ರೋಗ್ರಾಮನ್ನೂ ತಿದ್ದಬೇಕಿತ್ತು.

1987ರಲ್ಲಿ ಬಂದ ಐಇಇಇ 488.2 ಇದಕ್ಕೆ ಒಂದು ಶಿಸ್ತು ತಂದಿತು. ಆಜ್ಞೆಯೇ ತಪ್ಪಿದ್ದರೆ 32, ಆಜ್ಞೆ ಸರಿಯಿದ್ದೂ ನೆರವೇರಿಸಲಾಗದಿದ್ದರೆ 16, ಕರೆಂಟು ಹೋಗಿ ಬಂದಿದ್ದರೆ 128. ಈ ಗುರುತುಗಳು ಕೂಡಿ ಇವೆಂಟ್ ಸ್ಟೇಟಸ್ ರಿಜಿಸ್ಟರಿನಲ್ಲಿ ಕೂರುತ್ತವೆ. ಉದಾಹರಣೆಗೆ 48 ಬಂದರೆ 32 ಮತ್ತು 16 ಎರಡೂ ಆಗಿವೆ ಎಂದರ್ಥ.

ಕಾರಣ ಮಾಯವಾದರೂ ಗುರುತು ಉಳಿದಿರುತ್ತದೆ. ಆದರೆ ‘*ಇಎಸ್‌ಆರ್?’ ಎಂದು ಕೇಳಿದ ಕೂಡಲೇ ಉತ್ತರ ಕೊಟ್ಟು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಹಳೆಯ ದೂರು ಹೊಸದರೊಂದಿಗೆ ಬೆರೆಯದಿರಲಿ ಎಂಬುದು ಇದರ ಉದ್ದೇಶ. ಅಪಾಯವೂ ಇಲ್ಲೇ ಇದೆ. ಬೇರೆ ಪ್ರೋಗ್ರಾಮು ಮೊದಲೇ ಓದಿಬಿಟ್ಟರೆ ನಮಗೆ ಸಿಗುವುದು ಸೊನ್ನೆ, ಸಾಕ್ಷಿ ಹೋಯಿತು. ಆದ್ದರಿಂದ ಓದಿದ್ದನ್ನು ಆಗಲೇ ಬರೆದಿಡಬೇಕು.

1990ರಲ್ಲಿ ತಯಾರಕರು ಒಟ್ಟಾಗಿ ತಂದ ಸ್ಕಿಪಿ ಎಂಬ ಆಜ್ಞಾಭಾಷೆ ತಪ್ಪುಗಳನ್ನು ಸರದಿಯಲ್ಲಿ ನಿಲ್ಲಿಸಿತು. ಒಮ್ಮೆ ಕೇಳಿದರೆ ಹಳೆಯದೊಂದು ಹೊರಬರುತ್ತದೆ. -113 ಎಂದರೆ ಗೊತ್ತಿಲ್ಲದ ಆಜ್ಞೆ, -222 ಎಂದರೆ ಮಿತಿ ಮೀರಿದ ಅಂಕಿ. 0 ಬರುವವರೆಗೂ ಕೇಳುತ್ತಿರಬೇಕು. ಒಂದನ್ನೇ ಓದಿ ನಿಲ್ಲಿಸಿದರೆ ನಿನ್ನೆಯ ತಪ್ಪು ಇಂದಿನ ಅಳತೆಯ ತಲೆಗೆ ಬೀಳುತ್ತದೆ.

ಸಂಜೆ ಹೊರಡುವಾಗ ‘*ಸಿಎಲ್‌ಎಸ್’ ಕಳಿಸಿ. ಹಳೆಯ ಗುರುತುಗಳೂ ಸರದಿಯ ತಪ್ಪುಗಳೂ ಒರೆಸಿಹೋಗುತ್ತವೆ. ಬೆಳಿಗ್ಗೆ ರಿಜಿಸ್ಟರಿನಲ್ಲಿ 128 ಕಂಡರೆ ರಾತ್ರಿ ಕರೆಂಟು ಕೈಕೊಟ್ಟಿದೆ, ಮೀಟರು ನಿಮ್ಮ ಹೊಂದಾಣಿಕೆಗಳನ್ನು ಮರೆತಿರಬಹುದು. ಅಂಕಿಗಳು ಎಷ್ಟೇ ಅಂದವಾಗಿದ್ದರೂ ಆ ರಾತ್ರಿಯ ಅಳತೆಯನ್ನು ಮತ್ತೆ ಮಾಡುವುದೇ ಮೇಲು.

ಕೇಬಲುಗಳು ಬದಲಾದವು, ಯುಎಸ್‌ಬಿ, ಲ್ಯಾನ್ ಬಂದವು. ಆ ಪುಟ್ಟ ರಿಜಿಸ್ಟರು ಮಾತ್ರ ಇಂದಿಗೂ ಅದೇ ಕೆಲಸ ಮಾಡುತ್ತಿದೆ. ಕೇಳುವ ವ್ಯವಧಾನ ನಮಗಿದ್ದರೆ ಸಾಕು.