ಅವಳಿ ಮಕ್ಕಳಿಗೆ ಎಷ್ಟು ತೊಟ್ಟಿಲು?

"ಕೂಸು ಹುಟ್ಟುವ ಮುಂಚೆ ಕುಲಾವಿ" ಎಂಬುದು ಆತುರಗಾರರನ್ನು ಗೇಲಿ ಮಾಡಲು ನಮ್ಮವರು ಕಟ್ಟಿದ ಗಾದೆ. ಮಗು ಕಣ್ಣು ಬಿಡುವ ಮೊದಲು ಮನೆಗೆ ತೊಟ್ಟಿಲು ತರಬಾರದು, ಖಾಲಿ ತೊಟ್ಟಿಲು ತೂಗಬಾರದು ಎನ್ನುವ ಹಿರಿಯರು ಊರಿನಲ್ಲಿ ಇಂದಿಗೂ ಇದ್ದಾರೆ. ಅಮೆರಿಕಕ್ಕೆ ಬಂದ ನಾವು ಮಾತ್ರ ಈ ಗಾದೆಯನ್ನು ತಲೆಕೆಳಗು ಮಾಡಿಬಿಟ್ಟಿದ್ದೇವೆ. ಕುಲಾವಿ, ಕಾರ್ ಸೀಟು, ಡೈಪರಿನ ಗುಡ್ಡ, ಕ್ರಿಬ್ಬು ಎಲ್ಲವೂ ಕೂಸಿಗಿಂತ ಮೊದಲೇ ಮನೆ ಸೇರುತ್ತವೆ. ಇನ್ನು ಸ್ಕ್ಯಾನ್ ನೋಡಿದ ಡಾಕ್ಟರು "ಎರಡು ಇವೆ" ಎಂದುಬಿಟ್ಟರಂತೂ ಸಂತೋಷದ ಬೆನ್ನಿಗೇ ಲೆಕ್ಕಾಚಾರ ಶುರು. ಕ್ರಿಬ್ ಒಂದು ಸಾಕೋ, ಎರಡು ಬೇಕೋ? ಕನ್ನಡ ಕೂಟದ ಗೆಳೆಯರ ಗರಾಜಿನಲ್ಲಿರುವ ಹಳೆಯದನ್ನು ತಂದುಕೊಂಡರಾಗದೇ?

ಇಂಥವರ ಸಂಖ್ಯೆಯೇನೂ ಚಿಕ್ಕದಲ್ಲ. ಈ ದೇಶದಲ್ಲಿ 1980ರಲ್ಲಿ ಹುಟ್ಟಿದ ಪ್ರತಿ 1000 ಮಕ್ಕಳಲ್ಲಿ ಅವಳಿಗಳು 18.9, 2014ರಲ್ಲಿ 33.9. ತಡವಾಗಿ ತಾಯಿಯಾಗುವವರು ಹೆಚ್ಚಿದ್ದು, ಬಂಜೆತನದ ಚಿಕಿತ್ಸೆಗಳು ಬಂದದ್ದು ಇದಕ್ಕೆ ಮುಖ್ಯ ಕಾರಣ. ಆಮೇಲೆ ಸಂಖ್ಯೆ ಸ್ವಲ್ಪ ಇಳಿದಿದೆಯಾದರೂ ಹಳೆಯ ಮಟ್ಟಕ್ಕೆ ಮರಳಿಲ್ಲ. ಹಾಗಾಗಿ ಈ ಪ್ರಶ್ನೆಗೆ ಉತ್ತರ ಹುಡುಕುವ ನೆಪದಲ್ಲಿ ತೊಟ್ಟಿಲಿನ ಚರಿತ್ರೆಯನ್ನು ಒಮ್ಮೆ ತಿರುವಿ ಹಾಕೋಣ. ಅಂಗಡಿಯ ಕ್ಯಾಟಲಾಗಿಗಿಂತ ಅದೇ ಒಳ್ಳೆಯ ಸಲಹೆಗಾರ ಎಂಬುದು ನಮ್ಮ ಅಭಿಪ್ರಾಯ.

ತೂಗುವುದರಿಂದ ನಿಲ್ಲುವುದಕ್ಕೆ

ಅಮೆರಿಕದಲ್ಲೂ ಮೊದಲು ಇದ್ದದ್ದು ತೂಗುವ ತೊಟ್ಟಿಲೇ. ಮ್ಯಾಸಚೂಸೆಟ್ಸ್‌ನ ಪ್ಲಿಮತ್ ಊರಿನ ಪಿಲ್‌ಗ್ರಿಮ್ ಹಾಲ್ ಮ್ಯೂಸಿಯಮ್ಮಿನಲ್ಲಿ ಹೆಣೆದ ಬುಟ್ಟಿಯಂಥ ಒಂದು ತೊಟ್ಟಿಲಿದೆ. 1620ರಲ್ಲಿ ಮೇಫ್ಲವರ್ ಹಡಗು ಇಲ್ಲಿನ ದಡ ಸೇರಿದಾಗ ಹಡಗಿನಲ್ಲೇ ಹುಟ್ಟಿದ ಪೆರೆಗ್ರಿನ್ ವೈಟ್ ಎಂಬ ಮಗುವಿನದು ಅದು ಎಂಬ ನಂಬಿಕೆ ನಡೆದುಬಂದಿದೆ. ಅಂದರೆ ಆ ತಂದೆತಾಯಿಯರೂ ನಮ್ಮ ಹಾಗೆಯೇ, ಕೂಸಿಗಿಂತ ಮುಂಚೆ ತೊಟ್ಟಿಲು ಹೊತ್ತುಕೊಂಡು ಸಮುದ್ರ ದಾಟಿದವರು!

ಹತ್ತೊಂಬತ್ತನೇ ಶತಮಾನದ ಕೊನೆಯ ಹೊತ್ತಿಗೆ ಗಾಳಿ ಬದಲಾಯಿತು. ಕಾಯಿಲೆಗೆ ಕಾರಣ ಕಣ್ಣಿಗೆ ಕಾಣದ ಕ್ರಿಮಿ ಎಂದು ಗೊತ್ತಾದ ಮೇಲೆ, ಒರೆಸಿ ತೊಳೆಯಲು ಸುಲಭವಾದ ಕಬ್ಬಿಣ, ಹಿತ್ತಾಳೆಯ ಮಂಚಗಳು ಮೆಚ್ಚುಗೆ ಪಡೆದವು. ನ್ಯೂಯಾರ್ಕಿನ ಮಕ್ಕಳ ವೈದ್ಯ ಲೂಥರ್ ಎಮೆಟ್ ಹೋಲ್ಟ್ 1894ರಲ್ಲಿ ತಾಯಂದಿರಿಗಾಗಿ ಒಂದು ಪುಸ್ತಕ ಬರೆದರು. ಮಗುವನ್ನು ತೂಗಿ ಮಲಗಿಸುವುದು ಅನಗತ್ಯ, ಬಿಡಿಸಲಾಗದ ಚಟ ಎಂಬುದು ಅವರ ನಿಲುವು. ದಶಕಗಟ್ಟಲೆ ಮರುಮುದ್ರಣಗೊಂಡ ಆ ಪುಸ್ತಕದ ಮಾತು ಮನೆಮನೆಗೂ ಮುಟ್ಟಿತು. ತೂಗುವ ತೊಟ್ಟಿಲು ಅಟ್ಟ ಸೇರಿತು, ನಾಲ್ಕು ಕಾಲಿನ ಮೇಲೆ ಅಲುಗದೆ ನಿಲ್ಲುವ ಕ್ರಿಬ್ ಕೋಣೆಗೆ ಬಂತು. ಅಂದಹಾಗೆ, ಕ್ರಿಬ್ ಎಂಬ ಪದಕ್ಕೆ ಮೂಲದಲ್ಲಿ ದನಕ್ಕೆ ಮೇವು ಹಾಕುವ ಗೋದಲಿ ಎಂದರ್ಥ. ನಮ್ಮ ಕನ್ನಡ ಕ್ರೈಸ್ತ ಬಂಧುಗಳು ಕ್ರಿಸ್‌ಮಸ್ಸಿಗೆ ಕಟ್ಟುವ ಗೋದಲಿಯೂ ಅದೇ.

ಇಲ್ಲಿ ನಮ್ಮೂರಿನ ತೊಟ್ಟಿಲನ್ನು ಪಕ್ಕದಲ್ಲಿಟ್ಟು ನೋಡಬೇಕು. ತೊಲೆಯಿಂದ ಇಳಿಬಿಟ್ಟ ಮರದ ತೊಟ್ಟಿಲಾಗಲಿ, ಅಮ್ಮನ ಹಳೇ ಸೀರೆಯ ಜೋಲಿಯಾಗಲಿ ಮಗುವನ್ನು ನೆಲದ ಥಂಡಿಯಿಂದ, ಇರುವೆಯಿಂದ ಮೇಲೆ ಇಟ್ಟವು. ಅದಕ್ಕೆ ಕಟ್ಟಿದ ಹಗ್ಗದ ತುದಿ ಅಜ್ಜಿಯ ಕೈಯಲ್ಲಿ. ಅವರು ಸೊಪ್ಪು ಸೋಸುತ್ತಲೇ ತೂಗುತ್ತಿದ್ದರು. ತುಂಬಿದ ಮನೆಯಲ್ಲಿ ಯಾರದಾದರೂ ಒಂದು ಕಣ್ಣು ಮಗುವಿನ ಮೇಲೆ ಇದ್ದೇ ಇರುತ್ತಿತ್ತು. ಕ್ರಿಬ್ ಹುಟ್ಟಿದ್ದು ಬೇರೆಯೇ ಲೋಕದಲ್ಲಿ. ಬೇರೆ ಕೋಣೆ, ಮುಚ್ಚಿದ ಬಾಗಿಲು, ನಿದ್ದೆ ಹೋದ ತಂದೆತಾಯಿ. ಯಾರೂ ನೋಡದಿರುವಾಗಲೂ ಮಗು ಕ್ಷೇಮವಾಗಿರಬೇಕಾದರೆ ಅಜ್ಜಿಯ ಕಣ್ಣಿನ ಕೆಲಸವನ್ನು ಮರ, ಮೊಳೆ, ಅಳತೆಗಳೇ ಮಾಡಬೇಕು. ಆ ಅಳತೆ ಕಂಡುಹಿಡಿಯಲು ಈ ದೇಶಕ್ಕೆ ಬಹಳ ಕಾಲ ಹಿಡಿಯಿತು. ತೆತ್ತ ಬೆಲೆಯೂ ದೊಡ್ಡದು.

ಎರಡು ಇಂಚಿನ ಲೆಕ್ಕ

1960ರ ದಶಕದವರೆಗೆ ಕ್ರಿಬ್ಬಿನ ಸರಳುಗಳ ನಡುವೆ ಇಷ್ಟೇ ಜಾಗವಿರಬೇಕೆಂಬ ಕಟ್ಟುಪಾಡು ಸರ್ಕಾರದ್ದು ಇರಲಿಲ್ಲ. ಎಳೆಗೂಸಿನ ದೇಹ ಸಣ್ಣದು, ತಲೆ ದೊಡ್ಡದು. ಸರಳುಗಳ ಸಂದಿನಲ್ಲಿ ಕಾಲು, ಸೊಂಟ, ಎದೆ ಜಾರಿ ಹೊರಬಂದು ತಲೆ ಮಾತ್ರ ಒಳಗೇ ಸಿಕ್ಕಿಕೊಂಡರೆ ಮಗು ಕುತ್ತಿಗೆಯಲ್ಲಿ ನೇತಾಡುತ್ತದೆ. ಹೀಗೆ ಸತ್ತ ಮಕ್ಕಳ ಕಥೆ ಬಹುಕಾಲ ಆಯಾ ಮನೆಯ ದುರದೃಷ್ಟ ಎನಿಸಿಕೊಂಡು ಅಲ್ಲಲ್ಲೇ ಮುಗಿಯುತ್ತಿತ್ತು.

ಅದನ್ನು ಸಾರ್ವಜನಿಕ ಪ್ರಶ್ನೆಯಾಗಿಸಿದ ಹಿರಿಮೆ, 1967ರಲ್ಲಿ ಅಮೆರಿಕದ ಸಂಸತ್ತು ನೇಮಿಸಿದ ಉತ್ಪನ್ನ ಸುರಕ್ಷತಾ ಆಯೋಗಕ್ಕೆ ಸಲ್ಲಬೇಕು. ಆರ್ನಾಲ್ಡ್ ಎಲ್ಕಿಂಡ್ ಅದರ ಅಧ್ಯಕ್ಷರು. ಮನೆಬಳಕೆಯ ವಸ್ತುಗಳಿಂದಾದ ಅವಘಡಗಳಲ್ಲಿ ವರ್ಷಕ್ಕೆ 2 ಕೋಟಿ ಜನ ಗಾಯಗೊಳ್ಳುತ್ತಾರೆ, 30,000 ಜನ ಸಾಯುತ್ತಾರೆ ಎಂದು 1970ರಲ್ಲಿ ಅದರ ವರದಿ ಅಂದಾಜಿಸಿತು. 1972ರ ಕಾನೂನಿನಿಂದ ಗ್ರಾಹಕ ಉತ್ಪನ್ನ ಸುರಕ್ಷತಾ ಕಮಿಷನ್ ಹುಟ್ಟಿತು. 1973ರಲ್ಲಿ ಹೊರಟ ಕ್ರಿಬ್ ನಿಯಮ 1974ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಸರಳುಗಳ ನಡುವಿನ ಸಂದು 2 3/8 ಇಂಚು, ಅಂದರೆ ಸುಮಾರು 6 ಸೆಂಟಿಮೀಟರು ಮೀರಬಾರದು. ಒಳಗಿನ ಅಗಲ 28 ಇಂಚು, ಉದ್ದ 52 3/8 ಇಂಚು. ಹಾಸಿಗೆಗೂ ಅಂಚಿಗೂ ನಡುವೆ ಮಗು ಸಿಕ್ಕಿಕೊಳ್ಳದಂತೆ ಅಳತೆ ಒಂದೇ ಆಯಿತು. ಸರಳಿನ ಸಂದಿನಲ್ಲಿ ಸೋಡಾ ಕ್ಯಾನು ತೂರಿದರೆ ಆ ಕ್ರಿಬ್ ಬೇಡ ಎಂಬ ಮನೆಮದ್ದಿನಂಥ ಪರೀಕ್ಷೆ ಹುಟ್ಟಿದ್ದು ಈ ಅಳತೆಯಿಂದಲೇ. 1978ರಲ್ಲಿ ಸೀಸ ಬೆರೆತ ಬಣ್ಣದ ನಿಷೇಧವೂ ಬಂತು. ಹಲ್ಲು ಬರುವ ಮಕ್ಕಳು ಕ್ರಿಬ್ಬಿನ ಅಂಚನ್ನು ಕಡಿಯದೆ ಬಿಡುವುದುಂಟೇ?

ಇಳಿಯುವ ಪಕ್ಕದ ಅಪಾಯ

ಇಷ್ಟಾದರೂ ಒಂದು ಕುತ್ತು ಉಳಿದಿತ್ತು. ಬಗ್ಗದೆಯೇ ಮಗುವನ್ನು ಎತ್ತಿಕೊಳ್ಳಲೆಂದು ಒಂದು ಪಕ್ಕವನ್ನು ಕೆಳಗೆ ಜಾರಿಸುವ ಕ್ರಿಬ್ ದಶಕಗಳ ಕಾಲ ಎಲ್ಲರ ಮೆಚ್ಚಿನದು. ಅದರ ಕೊಂಡಿಗಳು ಸವೆದರೆ, ಮುರಿದರೆ, ಜೋಡಿಸುವಾಗ ತಿರುಗುಮುರುಗಾದರೆ ಪಕ್ಕ ಒಂದು ಮೂಲೆಯಲ್ಲಿ ಕಳಚಿಕೊಳ್ಳುತ್ತದೆ. ಆ ಸಂದಿಗೆ ಉರುಳಿದ ಮಗುವಿಗೆ ಉಸಿರು ಕಟ್ಟುತ್ತದೆ. 2000ದಿಂದ 2010ರವರೆಗೆ ಹೀಗೆ ಸತ್ತ ಮಕ್ಕಳು ಕನಿಷ್ಠ 32.

ಇನ್ನೊಂದು ಘಟನೆ 1998ರ ಷಿಕಾಗೋದ್ದು. ಮಗುವನ್ನು ನೋಡಿಕೊಳ್ಳುವವರ ಮನೆಯಲ್ಲಿ ಮಡಚುವ ಕ್ರಿಬ್ಬೊಂದು ಕುಸಿದು, ಒಂದೂವರೆ ವರ್ಷವೂ ತುಂಬದ ಗಂಡುಮಗು ತೀರಿಕೊಂಡಿತು. ಆ ಮಾದರಿಯನ್ನು ಐದು ವರ್ಷ ಹಿಂದೆಯೇ ವಾಪಸು ಕರೆಯಲಾಗಿತ್ತು. ಆದರೆ ಆ ಸುದ್ದಿ ಆ ಮನೆಗೆ ಮುಟ್ಟಿರಲಿಲ್ಲ. ಮಗುವಿನ ತಂದೆತಾಯಿ ಹತ್ತು ವರ್ಷ ಹೋರಾಡಿದರು. ಷಿಕಾಗೋ ಟ್ರಿಬ್ಯೂನ್ ಪತ್ರಿಕೆ 2007ರಲ್ಲಿ ಆಟಿಕೆ, ಕಾರ್ ಸೀಟು, ಕ್ರಿಬ್ಬುಗಳ ಮೇಲಿನ ಸರ್ಕಾರಿ ನಿಗಾ ಎಷ್ಟು ಸಡಿಲ ಎಂಬುದನ್ನು ಬಯಲಿಗೆಳೆಯಿತು, ಅದಕ್ಕೆ 2008ರ ಪುಲಿಟ್ಜರ್ ಪ್ರಶಸ್ತಿಯನ್ನೂ ಪಡೆಯಿತು. ಅದೇ ವರ್ಷ ಆಗಸ್ಟಿನಲ್ಲಿ ಹೊಸ ಕಾನೂನು ಬಂತು. ಮಕ್ಕಳ ಸಾಮಾನುಗಳ ಕುರಿತ ಅದರ ಭಾಗಕ್ಕೆ ಆ ಮಗುವಿನ ಹೆಸರನ್ನೇ ಇಟ್ಟರು. ಕ್ರಿಬ್ಬಿನ ಡಬ್ಬಿಯಲ್ಲಿ ಬರುವ ನೋಂದಣಿ ಕಾರ್ಡನ್ನು ಕಸಕ್ಕೆ ಎಸೆಯುವ ಮುನ್ನ ನಾವು ಇದನ್ನು ನೆನೆಯಬೇಕು. ಅಂದು ಆ ಮನೆಗೆ ತಲುಪದೆ ಹೋದ ಸುದ್ದಿಯೇ ಇಂದು ಆ ಕಾರ್ಡಿನ ರೂಪ ತಾಳಿದೆ.

2011ರ ಜೂನ್ 28ರಿಂದ ಪಕ್ಕ ಇಳಿಯುವ ಕ್ರಿಬ್ಬುಗಳ ಮಾರಾಟ ನಿಂತಿತು. ಬಾಣಂತನಕ್ಕೆಂದು ಊರಿನಿಂದ ಬರುವ ಕುಳ್ಳಗಿನ ಅಮ್ಮಂದಿರಿಗೆ ಇದರಿಂದ ಸ್ವಲ್ಪ ಕಷ್ಟವೇ. ಕಾಲಡಿಗೆ ಗಟ್ಟಿಯಾದ ಒಂದು ಮಣೆ ಹಾಕಿಕೊಟ್ಟರಾಯಿತು.

ಒಟ್ಟಿಗೋ, ಬೇರೆಬೇರೆಯೋ?

ಈಗ ಅವಳಿಗಳ ಪ್ರಶ್ನೆಗೆ ಬರೋಣ. 1995ರಲ್ಲಿ ಮ್ಯಾಸಚೂಸೆಟ್ಸ್‌ನ ವುಸ್ಟರ್ ನಗರದ ಆಸ್ಪತ್ರೆಯಲ್ಲಿ ತಿಂಗಳು ತುಂಬುವ ಮೊದಲೇ ಹುಟ್ಟಿದ ಅವಳಿ ಹೆಣ್ಣುಮಕ್ಕಳಿದ್ದರು. ಒಂದು ದಿನ ಚಿಕ್ಕವಳ ಉಸಿರಾಟ ಏರುಪೇರಾದಾಗ ನರ್ಸ್ ಒಬ್ಬರು ಅವಳನ್ನು ಅಕ್ಕನ ಇನ್‌ಕ್ಯುಬೇಟರಿಗೇ ಸೇರಿಸಿದರು. ಮಗು ಸುಧಾರಿಸಿಕೊಂಡಿತು. ಅಕ್ಕನ ಪುಟ್ಟ ತೋಳು ತಂಗಿಯ ಮೇಲಿದ್ದ ಫೋಟೋ ದೇಶದೇಶ ಸುತ್ತಿತು. ನಮ್ಮಲ್ಲಿ ಅನೇಕರ ಇನ್‌ಬಾಕ್ಸಿಗೂ ಅದು ಫಾರ್ವರ್ಡ್ ಆಗಿ ಬಂದದ್ದುಂಟು. ಒಂಬತ್ತು ತಿಂಗಳು ಒಂದೇ ಗರ್ಭದಲ್ಲಿದ್ದವರನ್ನು ಹೊರಗೆ ಬೇರ್ಪಡಿಸುವುದೇಕೆ ಎಂದು ಅದನ್ನು ಕಂಡ ಯಾರಿಗಾದರೂ ಅನ್ನಿಸುತ್ತದೆ.

ಆದರೆ ಅದು ನಡೆದದ್ದು ಯಂತ್ರಗಳ, ದಾದಿಯರ ಕಾವಲಿನಲ್ಲಿ. ನಡುರಾತ್ರಿಯ ಮನೆ ಹಾಗಲ್ಲ. ಮಕ್ಕಳನ್ನು ಬೆನ್ನ ಮೇಲೆ ಮಲಗಿಸಿ ಎಂಬ ರಾಷ್ಟ್ರೀಯ ಆಂದೋಲನ 1994ರಲ್ಲಿ ಆರಂಭವಾಯಿತು. ಕಾರಣ ತಿಳಿಯದ ಹಠಾತ್ ಶಿಶುಮರಣ 1992ರಲ್ಲಿ ಲಕ್ಷ ಜನನಕ್ಕೆ 120 ಇದ್ದದ್ದು 2001ರಲ್ಲಿ 56ಕ್ಕೆ ಇಳಿಯಿತು. ಮಲಗುವ ಜಾಗ ಎಷ್ಟು ಮುಖ್ಯವೆಂದು ಅದರಿಂದ ಎಲ್ಲರಿಗೂ ಮನದಟ್ಟಾಯಿತು. ಒಟ್ಟಿಗೆ ಮಲಗಿಸುವುದರ ಲಾಭವಾಗಲಿ ಸುರಕ್ಷತೆಯಾಗಲಿ ಸಾಬೀತಾಗಿಲ್ಲ, ಅವಳಿಗಳಿಗೆ ಆಸ್ಪತ್ರೆಯಲ್ಲೂ ಮನೆಯಲ್ಲೂ ಬೇರೆಬೇರೆ ಹಾಸಿಗೆಯೇ ಲೇಸು ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲಿ ಹೇಳಿತು. ಕನಿಷ್ಠ 6 ತಿಂಗಳು ಮಕ್ಕಳು ತಂದೆತಾಯಿಯ ಕೋಣೆಯಲ್ಲೇ, ಆದರೆ ತಮ್ಮದೇ ಹಾಸಿಗೆಯಲ್ಲಿ ಮಲಗಲಿ ಎಂಬುದೂ ಅವರ ಸಲಹೆ. ಅಜ್ಜಿಯ ಕಣ್ಣನ್ನು ವೈದ್ಯರೇ ಕೋಣೆಯೊಳಕ್ಕೆ ಮರಳಿ ಕರೆದಂತಾಯಿತು!

ಆದ್ದರಿಂದ ಲೆಕ್ಕ ಸರಳ: ಮಕ್ಕಳು ಎರಡು, ಕ್ರಿಬ್ ಎರಡು. ಅಪಾರ್ಟ್‌ಮೆಂಟಿನಲ್ಲಿ ಜಾಗ ಸಾಲದಿದ್ದರೆ ಸಣ್ಣ ಅಳತೆಯ ಮಿನಿ ಕ್ರಿಬ್ಬುಗಳಿವೆ, ಅವಕ್ಕೂ 1976ರಿಂದ ಪ್ರತ್ಯೇಕ ನಿಯಮವಿದೆ. ಗಟ್ಟಿ ಹಾಸಿಗೆ, ಬಿಗಿಯಾದ ಒಂದು ಹೊದಿಕೆ ಬಟ್ಟೆ ಸಾಕು. ದಿಂಬು, ಕೌದಿ, ಗೊಂಬೆ ಬೇಡ. ಸುತ್ತ ಕಟ್ಟುವ ಮೆತ್ತೆಯ ಬಂಪರುಗಳ ಮಾರಾಟವನ್ನಂತೂ 2022ರ ಕಾನೂನು ನಿಷೇಧಿಸಿತು.

ಕಷ್ಟವಿರುವುದು ಹಳೆಯ ಕ್ರಿಬ್ಬಿನ ವಿಷಯದಲ್ಲಿ. ಎರಡು ಹೊಸದಕ್ಕೆ ಖರ್ಚು ಎರಡರಷ್ಟು. ಮೇಲಾಗಿ ಒಬ್ಬರ ತೊಟ್ಟಿಲಲ್ಲಿ ಇನ್ನೊಬ್ಬರ ಮಗು ಬೆಳೆಯುವುದು ನಮ್ಮಲ್ಲಿ ಬಾಂಧವ್ಯದ ಗುರುತು. "ನಮ್ಮದನ್ನೇ ತಗೊಂಡು ಹೋಗಿ" ಎಂದು ಪ್ರೀತಿಯಿಂದ ಹೇಳುವವರಿಗೆ ಬೇಡ ಎನ್ನಲು ಬಾಯಿ ಬರುವುದಿಲ್ಲ. ಆದರೂ 2011ರ ಜೂನ್‌ಗಿಂತ ಹಿಂದಿನದಾದರೆ, ವಾಪಸಾತಿಯ ಪಟ್ಟಿಯಲ್ಲಿದ್ದರೆ, ಒಂದು ಸ್ಕ್ರೂ ಕಾಣೆಯಾಗಿದ್ದರೂ ಸರಿ, ಬೇಡ ಎನ್ನಲೇಬೇಕು. ಅಂಥದ್ದನ್ನು ಕೊಡುವವರೂ ನಾವೇ ಆಗಬಾರದು. ಆ ಪ್ರೀತಿಗೆ ಬಟ್ಟೆ, ಪುಸ್ತಕ, ಗಿಲಕಿ, ಬಾಣಂತಿಗೆ ಬಿಸಿ ಸಾರು ಇವೆಯಲ್ಲ!

ಹಾಗಾದರೆ ನಮ್ಮ ತೊಟ್ಟಿಲಿಗೆ ಜಾಗವೇ ಇಲ್ಲವೇ? ಇದೆ. ಧಾರವಾಡ ಜಿಲ್ಲೆಯ ಕಲಘಟಗಿಯಲ್ಲಿ ಮರದ ತೊಟ್ಟಿಲಿಗೆ ಅರಗಿನ ಬಣ್ಣ ಹಾಕಿ, ರಾಮಾಯಣದ, ಕೃಷ್ಣಲೀಲೆಯ ಚಿತ್ರ ಬರೆಯುವ ಕುಶಲಿಗಳು ಇನ್ನೂ ಇದ್ದಾರೆ. ನಾಮಕರಣದ ದಿನ ಅಂಥ ಒಂದೇ ತೊಟ್ಟಿಲಲ್ಲಿ ನಮ್ಮ ಲವಕುಶರಿಬ್ಬರನ್ನೂ ಮಲಗಿಸಿ, ಸುತ್ತ ನಿಂತು, ಕಿವಿಯಲ್ಲಿ ಹೆಸರು ಉಸುರಿ, ಜೋಗುಳ ಹಾಡೋಣ. ಆ ಹೊತ್ತಿನಲ್ಲಿ ಮಕ್ಕಳ ಮೇಲೆ ನೂರು ಕಣ್ಣುಗಳಿರುತ್ತವೆ. ನೆಂಟರೆಲ್ಲ ಮನೆಗೆ ಹೋಗಿ ದೀಪ ಆರಿದ ಮೇಲೆ ಮಾತ್ರ ಅವರವರ ಕ್ರಿಬ್ಬಿಗೆ.