ಅಚ್ಚು ಬೇರೆ, ಮೌಲ್ಯ ಬೇರೆ: ಆಪಲ್ ಸಾಧನಗಳ ನೇಟಿವ್ ಆ್ಯಪ್‌ಗಳಲ್ಲಿ ರಚನಾಬದ್ಧ ಲಾಗಿಂಗ್

‘ಪಾವತಿ ವಿಫಲ, ಬಳಕೆದಾರ 4471, ಮೊತ್ತ 250, ಸರ್ವರ್ ಉತ್ತರ 504.’ ಲಾಗ್‌ನಲ್ಲಿ ಇಂಥದೊಂದು ಸಾಲನ್ನು ಕಂಡವರಿಗೆ ಏನಾಯಿತೆಂದು ಕೂಡಲೇ ತಿಳಿಯುತ್ತದೆ. ಆದರೆ ಇಂಥ ಎರಡು ಲಕ್ಷ ಸಾಲುಗಳಲ್ಲಿ 504 ಉತ್ತರ ಬಂದವು ಎಷ್ಟು ಎಂದು ಕೇಳಿದರೆ ತೊಡಕು ಶುರುವಾಗುತ್ತದೆ. ಮೊತ್ತವೇ 504 ರೂಪಾಯಿ ಇದ್ದ ಸಾಲೂ ಎಣಿಕೆಗೆ ಬಂದು ಸೇರುತ್ತದೆ. ಯಾವ ಅಂಕಿ ಯಾವುದರದ್ದೆಂದು ಬರೆಯುವ ಹೊತ್ತಿಗೆ ಪ್ರೋಗ್ರಾಮಿಗೆ ಖಚಿತವಾಗಿ ಗೊತ್ತಿತ್ತು. ಎಲ್ಲವನ್ನೂ ಒಂದೇ ಪಠ್ಯವಾಗಿ ಹೆಣೆದ ಕ್ಷಣದಲ್ಲಿ ಆ ತಿಳಿವು ಕಳೆದುಹೋಯಿತು.

ಲಾಗನ್ನು ಜೇಸನ್ ರೂಪದಲ್ಲಿ ಬರೆದರೆ ಅದು ರಚನಾಬದ್ಧವಾಯಿತು ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ಅದು ಹೊರರೂಪದ ಮಾತು. ಬದಲಾಗದ ಅಚ್ಚುವಾಕ್ಯವನ್ನೂ ಬದಲಾಗುವ ಮೌಲ್ಯಗಳನ್ನೂ ಬರೆಯುವ ಜಾಗದಲ್ಲೇ ಬೇರೆಯಾಗಿ ಇಡುವುದು ರಚನೆಯ ತಿರುಳು ಎಂಬುದು ಈ ಲೇಖನದ ವಾದ. ವೇಗ, ಹುಡುಕಾಟ, ಖಾಸಗಿತನ ಮೂರೂ ಆ ಒಂದು ನಿರ್ಧಾರವನ್ನೇ ಅವಲಂಬಿಸಿವೆ. ಆಪಲ್ 2016ರಲ್ಲಿ ಐಓಎಸ್ 10 ಮತ್ತು ಮ್ಯಾಕ್‌ಓಎಸ್ ಸಿಯೆರಾದೊಂದಿಗೆ ತಂದ ‘ಯೂನಿಫೈಡ್ ಲಾಗಿಂಗ್’ ಇದಕ್ಕೆ ತಕ್ಕ ನಿದರ್ಶನ.

ಈ ಬೇರ್ಪಡೆಯ ವಿಚಾರ ಹೊಸದಲ್ಲ. ಎರಿಕ್ ಆಲ್‌ಮನ್ 1980ರ ದಶಕದಲ್ಲಿ ಸೆಂಡ್‌ಮೇಲ್ ಯೋಜನೆಗಾಗಿ ರೂಪಿಸಿದ ಸಿಸ್‌ಲಾಗ್ ಬರೀ ಪಠ್ಯವನ್ನು ಸಾಗಿಸುತ್ತಿತ್ತು. 2001ರ ಆರ್‌ಎಫ್‌ಸಿ 3164 ಆ ರೂಢಿಯನ್ನು ದಾಖಲಿಸಿತು. ಹೆಸರು–ಮೌಲ್ಯ ಜೋಡಿಗಳಿಗೆ ಪ್ರತ್ಯೇಕ ಸ್ಥಾನ ಸಿಕ್ಕಿದ್ದು 2009ರ ಆರ್‌ಎಫ್‌ಸಿ 5424ರಲ್ಲಿ. ವಿಂಡೋಸ್ 2000ದ ಘಟನಾ ದಾಖಲೆ ವ್ಯವಸ್ಥೆಯಾದ ಈಟಿಡಬ್ಲ್ಯೂ ಅದಕ್ಕೂ ಮೊದಲೇ ಘಟನೆಗಳನ್ನು ಬೈನರಿಯಾಗಿ ಬರೆಯುತ್ತಿತ್ತು.

ಆಪಲ್ ವ್ಯವಸ್ಥೆಯಲ್ಲಿ ಅಚ್ಚುವಾಕ್ಯ ಆ್ಯಪ್‌ನ ಬೈನರಿಯೊಳಗೇ ಉಳಿಯುತ್ತದೆ. ಲಾಗ್ ಕಡತಕ್ಕೆ ಹೋಗುವುದು ಆ ವಾಕ್ಯ ಎಲ್ಲಿದೆಯೆಂಬ ಗುರುತು ಮತ್ತು ಮೌಲ್ಯಗಳು ಮಾತ್ರ. ಎರಡನ್ನೂ ಜೋಡಿಸಿ ಓದಬಲ್ಲ ಸಾಲಾಗಿಸುವ ಕೆಲಸ ಯಾರಾದರೂ ಲಾಗ್ ತೆರೆದಾಗ ನಡೆಯುತ್ತದೆ. ಯಾರೂ ತೆರೆಯದ ಸಾಲಿಗೆ ಆ ಖರ್ಚೇ ಇಲ್ಲ. ಇದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ: ಅಚ್ಚುವಾಕ್ಯಗಳ ಸಂಗ್ರಹ ಕೈತಪ್ಪಿದರೆ ಲಾಗ್ ಕಡತವೊಂದನ್ನೇ ಇಟ್ಟುಕೊಂಡು ಏನನ್ನೂ ಓದಲಾಗದು. ಯಾವ ಎಡಿಟರಿನಲ್ಲಾದರೂ ತೆರೆದುಕೊಳ್ಳುವ ಹಳೆಯ ಪಠ್ಯ ಲಾಗಿನ ಅನುಕೂಲ ಇಲ್ಲಿಲ್ಲ.

ಖಾಸಗಿತನದ ವಿಷಯಕ್ಕೆ ಬಂದರೆ ಈ ಬೇರ್ಪಡೆಯ ನಿಜವಾದ ಬೆಲೆ ತಿಳಿಯುತ್ತದೆ. ಮೌಲ್ಯ ಯಾವುದೆಂದು ವ್ಯವಸ್ಥೆಗೆ ಗೊತ್ತಿದ್ದರೆ ಮಾತ್ರ ಅದನ್ನು ಮರೆಮಾಡಲು ಸಾಧ್ಯ. 2020ರಲ್ಲಿ ಬಂದ ಸ್ವಿಫ್ಟ್ ಭಾಷೆಯ ‘ಲಾಗರ್’ನಲ್ಲಿ ಸಂಖ್ಯೆಗಳು ತಾವಾಗಿ ತೆರೆದಿರುತ್ತವೆ, ಓಡುವಾಗ ಬರುವ ಪಠ್ಯ, ಅಂದರೆ ಹೆಸರು, ವಿಳಾಸ, ಟೋಕನ್, ‘ಪ್ರೈವೇಟ್’ ಎಂಬ ಪದದ ಹಿಂದೆ ಅಡಗುತ್ತದೆ. ಒಬ್ಬನೇ ಬಳಕೆದಾರನ ಘಟನೆಗಳನ್ನು ಹೆಸರು ತೋರದೆ ಹೊಂದಿಸಬೇಕಾದರೆ ಹ್ಯಾಶ್ ಮುಸುಕು ಹಾಕುವ ದಾರಿಯೂ ಇದೆ.

ಇಷ್ಟಿದ್ದೂ ತಂಡಗಳು ಈ ರಕ್ಷಣೆಯನ್ನು ತಿಳಿಯದೆಯೇ ಕಿತ್ತುಹಾಕುತ್ತವೆ. ಕೋಡ್ ಚೊಕ್ಕಟವಾಗಿರಲಿ ಎಂದು ಯಾರೋ ಲಾಗರ್ ಮೇಲೆ ತಮ್ಮದೊಂದು ಫಂಕ್ಷನ್ ಹೊದಿಸುತ್ತಾರೆ. ಅದು ಸಿದ್ಧ ಸ್ಟ್ರಿಂಗ್ ಒಂದನ್ನು ಪಡೆದು ಒಳಗೆ ಕಳಿಸುತ್ತದೆ. ಅಲ್ಲಿಗೆ ಅಚ್ಚು ಮತ್ತು ಮೌಲ್ಯ ಮತ್ತೆ ಕಲಸಿಹೋದವು. ವ್ಯವಸ್ಥೆಯ ಕಣ್ಣಿಗೆ ಇಡೀ ವಾಕ್ಯವೇ ಒಂದು ಖಾಸಗಿ ಮೌಲ್ಯ. ಡೀಬಗರ್ ಜೋಡಿಸಿರುವಾಗ ಎಲ್ಲವೂ ಕಾಣುವುದರಿಂದ ಅಭಿವೃದ್ಧಿಯ ಹಂತದಲ್ಲಿ ಇದು ಗಮನಕ್ಕೆ ಬರುವುದಿಲ್ಲ. ಬಳಕೆದಾರರ ಫೋನಿನಿಂದ ಬಂದ ಲಾಗ್‌ನಲ್ಲಿ ಸಾಲುಸಾಲು ‘ಪ್ರೈವೇಟ್’ ಕಂಡಾಗ, ತುರ್ತಿನಲ್ಲಿ ಆ ಫಂಕ್ಷನ್ನಿನಲ್ಲಿ ‘ಪಬ್ಲಿಕ್’ ಎಂದು ಬರೆಯುತ್ತಾರೆ. ಆ ಒಂದು ಪದದಿಂದ ಆ್ಯಪ್‌ನ ಪ್ರತಿಯೊಂದು ಮೌಲ್ಯವೂ ಬಯಲಾಗುತ್ತದೆ. ಸರ್ವರ್ ಬದಿಯಲ್ಲೂ ಇದೇ ಬಗೆಯ ಅಪಾಯವಿದೆ: 2018ರ ಮೇ ತಿಂಗಳಲ್ಲಿ ಟ್ವಿಟರ್, ಹ್ಯಾಶ್ ಆಗುವ ಮೊದಲೇ ಪಾಸ್‌ವರ್ಡ್‌ಗಳು ಆಂತರಿಕ ಲಾಗಿಗೆ ಬಿದ್ದಿದ್ದವೆಂದು ತಾನೇ ಪ್ರಕಟಿಸಿತು. ಐಟಿ ವ್ಯವಸ್ಥೆಗಳ ಲಾಗನ್ನು 180 ದಿನ ಕಾದಿಡಬೇಕೆಂಬ, ಭಾರತದ ಸೈಬರ್ ಸುರಕ್ಷತಾ ಸಂಸ್ಥೆ ಸರ್ಟ್-ಇನ್‌ನ 2022ರ ನಿರ್ದೇಶನ ಜಾರಿಯಲ್ಲಿರುವಾಗ, ಒಮ್ಮೆ ಲಾಗಿಗೆ ಬಿದ್ದದ್ದು ಬೇಗ ಅಳಿಯುವುದೂ ಇಲ್ಲ. ಆದ್ದರಿಂದ ಲಾಗರ್ ಮೇಲೆ ಹೊದಿಕೆ ಬೇಡವೆಂಬುದು ನನ್ನ ದೃಢ ನಿಲುವು. ಭಾಗಕ್ಕೊಂದು ‘ಕೆಟಗರಿ’ಯಂತೆ, ಆ್ಯಪ್‌ಗೊಂದು ‘ಸಬ್‌ಸಿಸ್ಟಮ್’ನಂತೆ ಲಾಗರ್‌ಗಳನ್ನು ಘೋಷಿಸಿ ನೇರವಾಗಿ ಕರೆದರೆ ಸಾಕು. ಲಾಗ್ ಸಾಲಿನ ತೀವ್ರತೆಯನ್ನು ಸೂಚಿಸುವ ಮಟ್ಟಗಳ ಆಯ್ಕೆ ಸುಲಭ: ಡೀಬಗ್ ಸಾಮಾನ್ಯವಾಗಿ ಡಿಸ್ಕಿಗೆ ಹೋಗದು, ಇನ್ಫೋ ಮೆಮೊರಿಯಲ್ಲಷ್ಟೇ ಇರುತ್ತದೆ, ಎರರ್ ಮತ್ತು ಫಾಲ್ಟ್ ಉಳಿಯುತ್ತವೆ.

ಕಾಲದ ದಾಖಲೆಯಲ್ಲೂ ಒಂದು ಸೂಕ್ಷ್ಮವಿದೆ. ಕನ್ನಡ ಶಾಸನಗಳಲ್ಲಿ ಒಂದೇ ದಿನವನ್ನು ಶಕವರ್ಷ, ಸಂವತ್ಸರ, ಮಾಸ, ಪಕ್ಷ, ತಿಥಿ, ವಾರ ಎಂದು ಹಲವು ಬಗೆಯಲ್ಲಿ ಕೊಟ್ಟಿರುವುದರಿಂದಲೇ ಅವು ಪರಸ್ಪರ ಹೊಂದುತ್ತವೆಯೇ ಎಂದು ವಿದ್ವಾಂಸರು ಪರೀಕ್ಷಿಸಬಲ್ಲರು. ಫೋನಿನ ಗಡಿಯಾರವನ್ನೊಂದೇ ನಂಬಿದರೆ ಅಂಥ ಪರೀಕ್ಷೆಗೆ ಅವಕಾಶವಿಲ್ಲ. ಬಳಕೆದಾರ ದಿನಾಂಕ ತಿದ್ದಿದರೆ ಘಟನೆಗಳ ಕ್ರಮವೇ ತಿರುವುಮುರುವು. ಯೂನಿಫೈಡ್ ಲಾಗಿಂಗ್ ಸಾಧನ ಚಾಲೂ ಆದಂದಿನಿಂದ ಎಣಿಸಿದ ಕಾಲವನ್ನು ನಮೂದಿಸಿ, ಅದನ್ನು ಗಡಿಯಾರದ ಹೊತ್ತಿಗೆ ಹೊಂದಿಸುವ ಮಾಹಿತಿಯನ್ನು ಪ್ರತ್ಯೇಕವಾಗಿ ಇಡುತ್ತದೆ.

ಕನ್ನಡದಲ್ಲಿ ಲಾಗ್ ಬರೆಯುವವರಿಗೂ ಈ ವಿನ್ಯಾಸದಲ್ಲಿ ಲಾಭವಿದೆ. ಯುಟಿಎಫ್-8ರಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ 3 ಬೈಟ್. ‘ಕೃಷ್ಣಪ್ಪ’ ನಮ್ಮ ಕಣ್ಣಿಗೆ ಮೂರು ಅಕ್ಷರ. ಯಂತ್ರಕ್ಕೆ 8 ಸಂಕೇತ, 24 ಬೈಟ್. ಆರ್‌ಎಫ್‌ಸಿ 3164ರ 1024 ಬೈಟ್‌ಗಳ ಮಿತಿಯೊಳಗೆ ಬರೀ ಕನ್ನಡವನ್ನೇ ತುಂಬಿದರೂ 341 ಸಂಕೇತಗಳಿಗೆ ಜಾಗ ಮುಗಿಯುತ್ತದೆ. ಮಿಕ್ಕ ಒಂದು ಬೈಟ್‌ನಲ್ಲಿ ಮುಂದಿನ ಅಕ್ಷರ ಮುರಿದು ಬೀಳುತ್ತದೆ. ಅಚ್ಚುವಾಕ್ಯ ಬೈನರಿಯಲ್ಲಿ ಒಮ್ಮೆ ಮಾತ್ರ ಇರುವ ವ್ಯವಸ್ಥೆಯಲ್ಲಿ ಅದರ ಉದ್ದ ಪ್ರತಿ ಸಾಲಿಗೂ ಹೊರೆಯಾಗುವುದಿಲ್ಲ. ‘ಪಾವತಿ ವಿಫಲ’ ಎಂಬ ಮಾತು ಲಕ್ಷ ಸಲ ದಾಖಲಾದರೂ ಕನ್ನಡದ ಆ ಬೈಟ್‌ಗಳು ಒಂದೇ ಕಡೆ ಇರುತ್ತವೆ; ಲಕ್ಷ ಸಲ ಬರೆಯಬೇಕಾದುದು ಆ ವಾಕ್ಯದ ಗುರುತನ್ನೂ 250, 504ರಂಥ ಸಂಖ್ಯೆಗಳನ್ನೂ ಮಾತ್ರ.