ವಾರಾನ್ನದ ಕಾಲ

ಹೈಸ್ಕೂಲು ಪೇಟೆಗಳಲ್ಲಷ್ಟೇ ಇದ್ದ ಕಾಲದಲ್ಲಿ ಹಳೆಯ ಮೈಸೂರು ಸೀಮೆಯ ಎಷ್ಟೋ ಬಡ ಬ್ರಾಹ್ಮಣ ಹುಡುಗರನ್ನು ಓದಿಸಿದ್ದು ವಾರಾನ್ನ. ವಾರದ ಒಂದೊಂದು ದಿನದ ಊಟಕ್ಕೆ ಒಂದೊಂದು ಮನೆ ಗೊತ್ತುಮಾಡಿಕೊಳ್ಳಬೇಕಿತ್ತು. ಏಳೂ ಮನೆ ಸಿಕ್ಕರೆ ಪುಣ್ಯ. ಸಿಗದ ದಿನ ದೇವಸ್ಥಾನದ ಪ್ರಸಾದ, ಇಲ್ಲವೇ ತಣ್ಣೀರು. ಗೊತ್ತಾದ ಮನೆಯಲ್ಲೂ ಸೂತಕ ಬಂದರೆ ಬಾಗಿಲಿಂದಲೇ ಹಿಂತಿರುಗಬೇಕು. ಮಡಿ ಅಡುಗೆ ತಡವಾಯಿತೆಂದು ಶಾಲೆಯ ಗಂಟೆ ಕಾಯುತ್ತಿರಲಿಲ್ಲ. ಉಂಡ ಋಣಕ್ಕೆ ಬಾವಿಯಿಂದ ನೀರು ಸೇದುವುದು, ಆ ಮನೆಯ ಮಕ್ಕಳಿಗೆ ಮಗ್ಗಿ ಹೇಳಿಕೊಡುವುದು ಎಷ್ಟೋ ಕಡೆ ಇದ್ದೇ ಇತ್ತು. ಎಸ್. ಎಲ್. ಭೈರಪ್ಪನವರ ಆತ್ಮಕಥೆ ‘ಭಿತ್ತಿ’ಯಲ್ಲಿ ಈ ಬಗೆಯ ಹಸಿವು, ಅವಮಾನಗಳೆರಡೂ ದಾಖಲಾಗಿವೆ.

ಹೀಗೆ ಓದಿ ಅಮಲ್ದಾರರೋ ಮೇಷ್ಟರೋ ಆದವರ ಛಲವನ್ನು ಊರು ಕೊಂಡಾಡಿತು. ಆದರೆ ಅದು ಅರ್ಧ ಸತ್ಯ. ಅಷ್ಟೇ ಛಲವಿದ್ದ ಬೇರೆ ಜಾತಿಯ ಹುಡುಗನಿಗೆ ಆ ಬಾಗಿಲುಗಳು ತೆರೆಯುತ್ತಿರಲಿಲ್ಲ. ಇಪ್ಪತ್ತನೆಯ ಶತಮಾನದ ಮೊದಲ ದಶಕಗಳಿಂದ ಸಮುದಾಯಗಳ ಹಾಸ್ಟೆಲುಗಳು, ಧಾರವಾಡದ ಮುರುಘಾಮಠ, ತುಮಕೂರಿನ ಸಿದ್ಧಗಂಗಾ ಮಠದಂಥ ಕಡೆಯ ಉಚಿತ ಪ್ರಸಾದ ನಿಲಯಗಳು ಆ ಕೊರತೆಯನ್ನು ತುಂಬತೊಡಗಿದವು. ಸಿದ್ಧಗಂಗೆಯಲ್ಲಿ ಎಲ್ಲ ಜಾತಿಯ ಮಕ್ಕಳಿಗೂ ಊಟ, ವಸತಿ ಸಿಕ್ಕಿತು. ಸ್ವಾತಂತ್ರ್ಯಾನಂತರ ಸರ್ಕಾರಿ ವಿದ್ಯಾರ್ಥಿನಿಲಯಗಳು ಹೆಚ್ಚಿ, ಹೋಬಳಿಗಳಿಗೂ ಹೈಸ್ಕೂಲು ಬಂದ ಮೇಲೆ ವಾರಾನ್ನ ತಾನಾಗಿಯೇ ನಿಂತುಹೋಯಿತು.